ಕೌಂಟರ್ ಕ್ಯಾಪ್ಟನ್‌ಗೆ ಒಂದು ಬಟ್ಟಲು

ಹಿಲೋ
ಅಕ್ಟೋಬರ್ 14, ಮಂಗಳವಾರ ಬೆಳಿಗ್ಗೆ

ಕಡಲನ್ನು ಗೆದ್ದು ಬಂದ ಗಂಡುಗಲಿ ವೆಂಡೆಲ್‌ಗೆ,

ಬರೆಯುತ್ತಿರುವವಳು ವೆಹಿ, ನಿನ್ನ ಹೆಂಡತಿ. ಇಬ್ಬರಲ್ಲಿ ಯಾವಳಪ್ಪಾ ಇವಳು ಎಂದು ನಿನಗೆ ಗಲಿಬಿಲಿ ಆಗಬಾರದಲ್ಲ, ಅದಕ್ಕೇ ಹೆಸರು ಮೊದಲೇ ಹೇಳಿಬಿಟ್ಟೆ. ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಚೆನ್ನಾಗಿಲ್ಲ ಎಂದು ಮಗಳು ಹೇಳಿದ್ದಾಳೆ. ದ್ವೀಪದ ಆ ತುದಿಯ ಕೋನಾದಲ್ಲಿ ಯಾರದೋ ಗ್ಯಾರೇಜಿನಲ್ಲಿ, ಹಳೇ ಟೈರುಗಳ ಪಕ್ಕ, ಮಡಚುವ ಮಂಚದ ಮೇಲೆ ಮಲಗುತ್ತಿದ್ದೀಯಂತೆ. ಅದನ್ನು ಕೇಳಿದ ಮೇಲೆ ನನಗೆ ಸುಖವಾಗಿ ನಿದ್ದೆ ಬರುತ್ತಿದೆ.

ಕನೋಯೆ ಮೊನ್ನೆ ನಿನ್ನ ಮಾತು ಹೊತ್ತುಕೊಂಡು ಬಂದಳು. "ಅಮ್ಮಾ, ಅಪ್ಪ ಮನೆಗೆ ಬರ್ಲಾ ಅಂತ ಕೇಳ್ತಿದಾರೆ. ಮೊಮ್ಮಗಳು ಲಿಕೋನ ನೋಡ್ಬೇಕಂತೆ. ನನ್ನೆದುರಿಗೇ ಅತ್ಬಿಟ್ರಮ್ಮಾ," ಅಂದಳು. "ಅಳಲಿ ಬಿಡು. ಉಪ್ಪುನೀರು ಅಂತ ನಿಮ್ಮಪ್ಪಂಗೆ ಇನ್ನು ಉಳ್ದಿರೋದು ಅದೊಂದೇ," ಅಂದೆ. ಅವಳು ಮುಖ ಸಿಂಡರಿಸಿಕೊಂಡು ಮಗುವನ್ನು ಎತ್ತಿಕೊಂಡು ಹೊರಟುಹೋದಳು. ಮನೆಗೆ ಬರಬೇಕೋ ಬೇಡವೋ ಎನ್ನುವುದಕ್ಕೆ ಉತ್ತರ ಈ ಕಾಗದದಲ್ಲೇ ಇದೆ, ಆದರೆ ಕೊನೆಯಲ್ಲಿದೆ. ಹಾರಿಸಿ ಓದಬೇಡ. ನಾಲ್ಕು ವರ್ಷ ನೀನು ಹೇಳಿದ ಕಥೆಗಳನ್ನು ನಾನು ಒಂದೂ ಹಾರಿಸದೆ ಕೇಳಿದ್ದೇನೆ.

ಈ ಮನೆಗೆ ಸೊಸೆಯಾಗಿ ಬಂದ ದಿನ ನಿನ್ನಮ್ಮ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದ ಮೊದಲ ಬುದ್ಧಿಮಾತು ನೆನಪಿದೆಯಾ? ನೀನು ಅಲ್ಲೇ ಬಾಗಿಲಲ್ಲಿ ನಿಂತು ನಗುತ್ತಿದ್ದೆ. "ನೋಡೇ ಹುಡುಗಿ, ಗಂಡ ಐಸ್ ಪೆಟ್ಟಿಗೆ ಎತ್ಕೊಂಡ ಅಂದ್ರೆ ಎಲ್ಲಿಗೆ ಅಂತ ಕೇಳ್ಬೇಡ. ಮೀನು ಹಿಡಿಯೋಕೆ ಹೋಗ್ತಾನೆ ಅನ್ನೋ ಮಾತು ನಿನ್ ಬಾಯಲ್ಲಿ ಬರ್ಲೇಬಾರ್ದು. ಮೀನಿಗೆ ಕಿವಿ ಇದೆ. ಕೇಳಿಸ್ಕೊಂಡ್ರೆ ಒಂದೂ ಸಿಗಲ್ಲ." ಅದಕ್ಕೇ ನಮ್ಮಲ್ಲಿ ಎಲ್ಲರೂ ಹೊಲೊಹೊಲೊ ಹೋಗಿ ಬರ್ತೀನಿ ಅನ್ನುತ್ತಾರೆ, ಸುಮ್ಮನೆ ಒಂದು ಸುತ್ತು ಹಾಕಿ ಬರುವವರ ಹಾಗೆ. ನನ್ನ ತಮ್ಮ ಮೋಸೆಸ್‌ನ ಹೆಂಡತಿ ಒಮ್ಮೆ ಬಾಯಿ ತಪ್ಪಿ "ಯಾವ್ ಕಡೆ?" ಅಂದಿದ್ದಕ್ಕೆ ಅವನು ಟ್ರಕ್ಕಿನಿಂದ ಸಾಮಾನೆಲ್ಲ ಇಳಿಸಿ ದಿನವಿಡೀ ಮುಖ ಊದಿಸಿಕೊಂಡು ಕೂತಿದ್ದ.

ನಾನು ಒಂದು ದಿನವೂ ಕೇಳಲಿಲ್ಲ. ಶುಕ್ರವಾರ ನೀನು ಹೊಲೊಹೊಲೊ ಅಂದರೆ ನಾನು ತಲೆಯಾಡಿಸಿ ಒಳಗೆ ಹೋಗುತ್ತಿದ್ದೆ. ದೋಣಿ ಕೋನಾ ಕಡೆಯ ಬಂದರಿನಲ್ಲಿದೆ ಅಂದಿದ್ದೆ, ಇರಬೇಕು ಅಂದುಕೊಂಡೆ. ಭಾನುವಾರ ಸಂಜೆ ನಿನ್ನಪ್ಪನ ಮರದ ಬಟ್ಟಲು ತುಂಬ ಪೋಕೆ ತಂದು ಮೇಜಿನ ಮೇಲೆ ಇಡುತ್ತಿದ್ದೆ. "ದೋಣೀಲೇ ಹೆಚ್ಚಿ ಕಲಸ್ಬಿಟ್ವಿ ಕಣೇ. ಹಸಿ ಮೀನು, ಕಡಲ ಗಾಳೀಲಿ ಕಲಸಿದ್ರೇನೇ ರುಚಿ," ಅನ್ನುತ್ತಿದ್ದೆ. ನಮ್ಮ ಹೆಂಗಸರು ಕಿವಿಯ ಹಿಂದೆ ಹೂ ಮುಡಿಯುವವರು. ಆದರೆ ನೀನು ನನ್ನ ಕಿವಿಗೆ ಇಟ್ಟ ಹೂವು ನಾಲ್ಕು ವರ್ಷವಾದರೂ ಬಾಡಲಿಲ್ಲ ನೋಡು.

ನನ್ನ ಕುಕುಯಿ ಬೀಜದ ಪುಡಿಯನ್ನೂ ಒಯ್ಯುತ್ತಿದ್ದೆ. ದೋಣಿಯ ಹುಡುಗರಿಗೆಲ್ಲ ಅದೇ ಬೇಕಂತೆ, ಅದಿಲ್ಲದೆ ಮೀನು ಬಾಯಿಗೇ ಹೋಗುವುದಿಲ್ಲವಂತೆ. ನಾನು ಉಬ್ಬಿಹೋಗಿ ಪ್ರತಿ ತಿಂಗಳೂ ಬೀಜ ಒಡೆದು, ಹುರಿದು, ಒಣಮೆಣಸು ಉಪ್ಪು ಸೇರಿಸಿ, ನನ್ನಮ್ಮನ ಬಾಯಿ ಮುಕ್ಕಾದ ಒರಳಿನಲ್ಲಿ ಕುಟ್ಟಿ ಡಬ್ಬಿ ತುಂಬಿಸಿ ಕೊಡುತ್ತಿದ್ದೆ. ಆ ಬೀಜದ ಹದ ತಪ್ಪಿದರೆ ಏನಾಗುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ನಿನ್ನ ಚಿಕ್ಕಪ್ಪನ ಮಗ ಕ್ಲೇಟನ್‌ನ ಮದುವೆಯಲ್ಲಿ ಯಾರೋ ಅವಸರಕ್ಕೆ ಅರೆಬರೆ ಹುರಿದು ಹಾಕಿ, ಬೀಗರ ಕಡೆಯವರೆಲ್ಲ ಕಕ್ಕಸಿನ ಮುಂದೆ ಸಾಲು ನಿಂತರಲ್ಲ, ಪಾದ್ರಿಯೂ ಸೇರಿ. ನೀನು ಎರಡು ದಿನ ಹಾಸಿಗೆಯಿಂದ ಎದ್ದಿರಲಿಲ್ಲ. ನಾನು ಮಾತ್ರ ಯಾವತ್ತೂ ಹದ ತಪ್ಪಿದವಳಲ್ಲ.

ಲಿಕೋಳ ಮೊದಲ ವರ್ಷ ತುಂಬಿದ ಲುವಾವು ಔತಣಕ್ಕೆ ಊರಿಗೆ ಊರೇ ಬರುತ್ತದೆ, ಅಪ್ಪ ಒಬ್ಬರೇ ಎಷ್ಟು ಮೀನು ತಂದಾರು, ಸ್ವಲ್ಪ ಅಂಗಡಿಯಿಂದಲೂ ತರಿಸೋಣ ಎಂದು ಕನೋಯೆ ಹಟ ಹಿಡಿದಳು. ಮೀನುಗಾರನ ಮನೆಯ ಊಟಕ್ಕೆ ಅಂಗಡಿ ಮೀನಾ ಎಂದು ನಾನು ಕುಣಿದಾಡಿದೆ. ಆದರೂ ಅವಳು ಬಿಡದೆ ಸೆಪ್ಟೆಂಬರಿನಲ್ಲಿ ನನ್ನನ್ನು ಕೋನಾಕ್ಕೆ ಎಳೆದುಕೊಂಡು ಹೋದಳು. ಆ ದೊಡ್ಡ ದಿನಸಿ ಅಂಗಡಿಯ ಹಿಂದಿನ ತುದಿಯಲ್ಲಿ ಮೀನಿನ ಕೌಂಟರ್. ಗಾಜಿನ ಹಿಂದೆ ಬಟ್ಟಲುಗಳು ಸಾಲಾಗಿ ಕೂತಿದ್ದವು. ಕೌಂಟರಿನ ಹೆಂಗಸು ಗುಂಡುಗುಂಡಾಗಿ, ನಗುನಗುತ್ತಾ ಇದ್ದಳು. ಎದೆಯ ಮೇಲಿನ ಚೀಟಿಯಲ್ಲಿ ಚಾರ್ಮೇನ್ ಎಂದಿತ್ತು. "ಬನ್ನಿ ಆಂಟಿ, ರುಚಿ ನೋಡಿ, ಆಮೇಲೆ ಬೈಯಿರಿ," ಎಂದು ಪುಟಾಣಿ ಚಮಚ ಚಾಚಿದಳು.

ನನ್ನ ನಾಲಿಗೆ ಗೊತ್ತಲ್ಲ. ಸೋಯಾ ಸಾಸಿನದ್ದು ಪಾಯಸದ ಹಾಗೆ ಸಿಹಿ. ಇನ್ನೊಂದರ ಮೇಲೆ ಗುಲಾಬಿ ಬಣ್ಣದ ಮೇಯೊನೀಸು, ಮೀನಿಗೆ ಹೊದಿಕೆ ಹೊದಿಸಿ ಮಲಗಿಸಿದಂತಿತ್ತು. "ಇದು ಮೀನಿಗೆ ಮಾಡಿದ್ದಾ, ಹಲ್ಲಿಲ್ದೋರಿಗೆ ಮಾಡಿದ್ದಾ?" ಅಂದೆ. ಕಿಮ್ಚಿ ಬೆರೆಸಿದ್ದಂತೂ ಕಣ್ಣಲ್ಲಿ ನೀರು ತರಿಸಿತು. ಕನೋಯೆ ನಾಚಿಕೆಯಿಂದ ನೆಲ ನೋಡುತ್ತಿದ್ದಳು. ಕೊನೆಗೆ ಕೇಕ್ ನೋಡಿ ಬರ್ತೀನಿ ಎಂದು ಅಲ್ಲಿಂದ ಜಾರಿಕೊಂಡಳು. ಚಾರ್ಮೇನ್ ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. "ನೀವು ಹಳೇ ಕಾಲದ ನಾಲಿಗೆಯೋರು. ತಡೀರಿ, ನನ್ ಸ್ವಂತದ್ದೊಂದಿದೆ," ಎಂದು ಒಳಗಿನಿಂದ ಒಂದು ಬಟ್ಟಲು ತಂದಳು. ಆಹಿ ಮೀನು, ಕಡಲ ಪಾಚಿ, ಉಪ್ಪು, ಕುಕುಯಿ ಬೀಜ. ಅಷ್ಟೇ.

ಬಾಯಿಗಿಟ್ಟೆ. ನಿನ್ನ ಭಾನುವಾರದ ಪೋಕೆ ಅದು, ವೆಂಡೆಲ್. ಒಂದು ಎಳ್ಳಷ್ಟೂ ವ್ಯತ್ಯಾಸವಿಲ್ಲ. ಮೊದಲು ಅಂದುಕೊಂಡೆ, ಓಹೋ, ನಮ್ಮ ಮನೆಯ ರುಚಿಯನ್ನು ಇವಳು ಎಲ್ಲಿಂದಲೋ ಕದ್ದಿದ್ದಾಳೆ ಎಂದು. ಅಷ್ಟರಲ್ಲಿ ಹಲ್ಲಿಗೆ ಒಂದು ದಪ್ಪ ಬೀಜದ ಚೂರು ಸಿಕ್ಕಿತು. ನನ್ನಮ್ಮನ ಒರಳಿನ ಮುಕ್ಕಿನಲ್ಲಿ ಸಿಕ್ಕಿ ನುಣ್ಣಗಾಗದೆ ಉಳಿಯುವ ಚೂರು. ಅದರ ಹಿಂದೆಯೇ ಒಣಮೆಣಸಿನ ಸುಟ್ಟ ವಾಸನೆ. ನಾನು ಕುಟ್ಟಿದ ಪುಡಿಯನ್ನು ನಾನೇ ಗುರುತಿಸಲಾರೆನೇ?

"ಈ ಪುಡಿ ಎಲ್ಲಿಂದಮ್ಮಾ?" ಎಂದೆ.

ಅವಳು ಅತ್ತಿತ್ತ ನೋಡಿ ದನಿ ಇಳಿಸಿದಳು. "ಮ್ಯಾನೇಜರ್‌ಗೆ ಹೇಳ್ಬೇಡಿ ಆಂಟಿ. ಅಂಗಡೀದಲ್ಲ. ನಮ್ ಡೆಲ್ ತಂದ್ಕೊಡ್ತಾರೆ. ಅವರಮ್ಮ ಮಾಡೋದಂತೆ. ಪಾಪ, ಮುದುಕಿಗೆ ಎಂಬತ್ತು ದಾಟಿದೆ, ಕಣ್ಣೂ ಕಾಣ್ಸಲ್ಲ, ಆದ್ರೂ ಮಗ ಅಂದ್ರೆ ಪ್ರಾಣ ಬಿಡ್ತಾಳಂತೆ. ಅವಳನ್ನ ನೋಡ್ಕೊಳ್ಳೋಕೇ ಇವ್ರು ವಾರವೆಲ್ಲ ಹಿಲೋದಲ್ಲಿ ಇರೋದು. ಶುಕ್ರವಾರ ಬಂದು ಭಾನುವಾರ ಹೋಗ್ತಾರೆ."

ಎಂಬತ್ತು! ನನಗಿನ್ನೂ ಐವತ್ತೊಂಬತ್ತು ಕಣೋ. ಇನ್ನೊಬ್ಬಳ ಜೊತೆ ಮಲಗಿದೆ, ಅದನ್ನಾದರೂ ಒಂದು ದಿನ ಮರೆತೇನು. ಹೆಂಡತಿಯನ್ನು ಮುದುಕಿ ತಾಯಿ ಮಾಡಿದೆಯಲ್ಲ, ಕಣ್ಣು ಬೇರೆ ಕಿತ್ತೆಯಲ್ಲ, ಅದನ್ನು ಮಾತ್ರ ಮಣ್ಣಿಗೆ ಹೋಗುವವರೆಗೂ ಮರೆಯುವುದಿಲ್ಲ.

ಆಗಲೂ ನನ್ನೊಳಗಿನ ಹುಚ್ಚಿ ಒಂದು ಪ್ರಶ್ನೆ ಕೇಳಿದಳು, ಗೊತ್ತಾ? "ನಿಮ್ಮವ್ರು ದೋಣಿ ಇಟ್ಟಿದಾರಾ?" ಎಂದೆ. ಅವಳು ಗೊಳ್ಳೆಂದು ನಕ್ಕಳು. "ದೋಣಿನಾ? ಅಯ್ಯೋ, ಬಂದರಿನ ವಾಸನೆ ಬಂದ್ರೇನೇ ಅವ್ರಿಗೆ ವಾಂತಿ ಬರತ್ತೆ!"

ಕಳೆದ ಆಗಸ್ಟಿನಲ್ಲಿ ಬಿರುಗಾಳಿ ಬಂದಾಗ ನಾನು ಮಳೆಯಲ್ಲಿ ಬಂಡೆಯ ಮೇಲೆ ನಿಂತು, ಇವನನ್ನು ಬಿಟ್ಟುಬಿಡು, ಬೇಕಾದರೆ ನನ್ನನ್ನು ಕರೆದುಕೋ ಎಂದು ದೇವರನ್ನು ಬೇಡಿಕೊಂಡಿದ್ದೆ. ಮೋಸೆಸ್ ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋದ. ಆ ವಾರವೆಲ್ಲ ಜ್ವರ ಬಂದು ಮಲಗಿದ್ದೆ. ಆ ಸಂಜೆ ನೀವಿಬ್ಬರೂ ಟಿವಿ ನೋಡುತ್ತಾ ಕಡಲೆಕಾಯಿ ಬೇಯಿಸಿಕೊಂಡು ತಿಂದಿರಂತೆ. ಇದನ್ನೂ ಅವಳೇ ಹೇಳಿದ್ದು, ಆಮೇಲೆ.

ಕೌಂಟರಿನ ಮುಂದೆ ನಾನು ಅಳಲಿಲ್ಲ, ಕಿರುಚಲಿಲ್ಲ. ಇದೇ ಬಟ್ಟಲು ಬೇಕು, ಲುವಾವುಗೆ ನಾಲ್ಕು ದೊಡ್ಡ ತಟ್ಟೆ, ನೀನೇ ಹಿಲೋಗೆ ತಂದುಕೊಡಬೇಕು, ಊಟ ಮಾಡಿಕೊಂಡೇ ಹೋಗಬೇಕು ಎಂದೆ. ಮೋಸೆಸ್‌ನ ಹೆಸರು ಕೊಟ್ಟೆ. "ಒಂದ್ ಮಾತು. ಮಗುವಿನ ಊಟದ ಮೀನು. ಎಲ್ಲಿಗೆ, ಯಾರಿಗೆ ಅಂತ ಮೊದ್ಲೇ ಯಾರ್ ಹತ್ರಾನೂ ಆಡ್ಬೇಡಮ್ಮ, ನಿಮ್ಮನೆಯವ್ರ ಹತ್ರಾನೂ. ಆಡಿದ್ರೆ ಕೆಡತ್ತೆ," ಎಂದೆ. ಅವಳೂ ಈ ಮಣ್ಣಿನಲ್ಲೇ ಹುಟ್ಟಿದವಳು. "ಅಷ್ಟೂ ಗೊತ್ತಾಗಲ್ವಾ ಆಂಟಿ!" ಎಂದು ಬಾಯಿಯ ಮೇಲೆ ಬೆರಳಿಟ್ಟುಕೊಂಡಳು.

ಆಮೇಲಿನ ಭಾನುವಾರಗಳು ನನ್ನ ಜೀವನದಲ್ಲೇ ಅತಿ ಸೊಗಸಾದವು. ನೀನು ಬಟ್ಟಲು ಇಡುತ್ತಿದ್ದೆ. ನಾನು ಬಡಿಸಿ, ಕೆನ್ನೆಗೆ ಕೈಯಿಟ್ಟು ಕೂತು, "ಈ ಸಲದ್ದು ಬಹಳ ಒದ್ದಾಡ್ತಾ?" ಅನ್ನುತ್ತಿದ್ದೆ. ನೀನು ಕೈ ಅಗಲಿಸುತ್ತಿದ್ದೆ. ದಾರ ಅಂಗೈ ಕೊಯ್ದ ಕಥೆ, ಶಾರ್ಕ್ ಅಡ್ಡ ಬಂದ ಕಥೆ. ಒಮ್ಮೆ ಅಂಗೈಗೆ ಬ್ಯಾಂಡೇಜು ಕೂಡ ಸುತ್ತಿಕೊಂಡು ಬಂದಿದ್ದೆ. ಅಬ್ಬಾ, ಏನು ಕಲೆಗಾರನೋ! ನಾನು ಇನ್ನಷ್ಟು ಅನ್ನ ಹಾಕುತ್ತಿದ್ದೆ. ನೀನು ಇನ್ನಷ್ಟು ಸುಳ್ಳು ಹೇಳುತ್ತಿದ್ದೆ. ಒಳಗೊಳಗೇ ನಗು ತಡೆಯಲಾರದೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಗುತ್ತಿದ್ದೆ. ಅದು ನಗುವೇ ಎಂದು ಬರೆದಿದ್ದೇನೆ, ಹಾಗೆಯೇ ಓದಿಕೋ.

ಲುವಾವು ದಿನ ನೀನು ಅಲ್ಲೇ ಇದ್ದೆ. ಆದರೂ ನೀನು ನೆಲ ನೋಡುತ್ತಿದ್ದೆಯಾದ್ದರಿಂದ ಬಹಳಷ್ಟು ತಪ್ಪಿಹೋಗಿರಬೇಕು. ನಾನು ಹೇಳುತ್ತೇನೆ.

ಚಪ್ಪರದ ತುಂಬ ಜನ. ನೆಲದೊಳಗೆ ತೋಡಿದ ಒಲೆಯಿಂದ ಹಂದಿ ಆಗಷ್ಟೇ ಮೇಲೆ ಬಂದಿತ್ತು. ನಿನ್ನ ಕೊರಳಲ್ಲಿ ಕಿವಿ ಮುಚ್ಚುವಷ್ಟು ಹೂಮಾಲೆಗಳು, ತೊಡೆಯ ಮೇಲೆ ಲಿಕೋ. ಮೇಜಿನ ನಡುವೆ ನಿನ್ನಪ್ಪನ ಮರದ ಬಟ್ಟಲು. ಹಾಡುವ ಹುಡುಗನ ಕೈಯಿಂದ ಮೈಕು ಇಸಿದುಕೊಂಡು ನಾನು ಹೇಳಿದೆ, "ಎಲ್ರೂ ಮೊದ್ಲು ಆ ಬಟ್ಟಲಿಂದ ತಿನ್ನಿ. ಮೊಮ್ಮಗಳಿಗೋಸ್ಕರ ನಮ್ ವೆಂಡೆಲ್ ಮೀನು ಹಿಡಿಯೋಕೆ ಹೋಗಿದ್ದ."

ನಿನ್ನಕ್ಕ ವಿಲ್ಮಾ ಕುರ್ಚಿಯಿಂದ ಎದ್ದೇಬಿಟ್ಟರು. "ಏ ವೆಹಿ! ನಿನ್ ನಾಲ್ಗೆ ಸೇದೋಗ! ಆ ಮಾತು ಆಡ್ತಾರೇನೇ?" ಎಂದರು.

"ಏನೂ ಆಗಲ್ಲ ಅತ್ಗೆ. ಸಮುದ್ರದಲ್ಲಿರೋ ಯಾವ ಮೀನಿಗೂ ನಿಮ್ ತಮ್ಮನಿಂದ ತೊಂದ್ರೆ ಇಲ್ಲ," ಎಂದೆ.

ಅಷ್ಟರಲ್ಲಿ ಚಾರ್ಮೇನ್ ತಟ್ಟೆ ಹೊತ್ತುಕೊಂಡು ಬಂದಳು. ಹೊಸ ಹೂವಿನ ಲಂಗ ಹಾಕಿದ್ದಳು, ಪಾಪ. ನಿನ್ನನ್ನು ಕಂಡು ಮುಖವೆಲ್ಲ ಅರಳಿತು. "ಅರೆ, ಡೆಲ್! ನೀವಿಲ್ಲಿ? ಅಮ್ಮನ ಚರ್ಚಿನೋರ ಊಟ ಅಂದ್ರಿ, ಇದೇನಾ? ಅಮ್ಮ ಎಲ್ಲಿ? ತೋರ್ಸಿ, ಕಾಲಿಗೆ ಬೀಳ್ತೀನಿ," ಎಂದಳು. ನಿನ್ನಮ್ಮ ತೀರಿಹೋಗಿ ಹನ್ನೊಂದು ವರ್ಷ. ಎಲ್ಲರೂ ನಿನ್ನ ಕಡೆ ತಿರುಗಿದರು. ಮೋಸೆಸ್ ಮಾತ್ರ, ಅವನಿಗೆ ಊಟದ ಮುಂದೆ ಬೇರೇನೂ ಕಾಣುವುದಿಲ್ಲವಲ್ಲ, ಮರದ ಬಟ್ಟಲಿನಿಂದ ಒಂದು ತುತ್ತು, ಅವಳ ತಟ್ಟೆಯಿಂದ ಒಂದು ತುತ್ತು ತಿಂದು, "ಎರಡೂ ಒಂದೇ ಕಣ್ರಯ್ಯಾ!" ಎಂದ.

"ಒಂದೇ ಅಲ್ವಾ ಮತ್ತೆ? ಬೆಳಿಗ್ಗೆ ನಾನೇ ಕಲಸಿ ತುಂಬ್ಸಿ ಕೊಟ್ಟಿದ್ದು," ಎಂದಳು ಚಾರ್ಮೇನ್. "ಇವ್ರೇನು ಹಿಡ್ಕೊಂಡ್ ಬಂದಿದ್ದಾ? ದೋಣಿ ಕಂಡ್ರೆ ವಾಂತಿ ಮಾಡ್ಕೊಳ್ಳೋ ಮನುಷ್ಯ!"

ಮೊದಲು ನಕ್ಕಿದ್ದು ಕ್ಲೇಟನ್. ಆಮೇಲೆ ಮಕ್ಕಳು. ಆಮೇಲೆ ಪಾದ್ರಿ, ಕೆಮ್ಮಿದಂತೆ ಮಾಡಿ. "ಕೌಂಟರ್ ಕ್ಯಾಪ್ಟನ್!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಆ ಹೆಸರು ನಿಂತುಬಿಟ್ಟಿದೆ, ಹಿಲೋದಲ್ಲಿ ಈಗ ನಿನಗೆ ಬೇರೆ ಹೆಸರಿಲ್ಲ. ನೀನು ಮಗುವನ್ನು ಕನೋಯೆಯ ಕೈಗೆ ಕೊಟ್ಟು, ಮಾಲೆಗಳನ್ನು ಒಂದೊಂದಾಗಿ ತೆಗೆದು ಕುರ್ಚಿಯ ಮೇಲಿಟ್ಟು ನಡೆದೆ. ನಿನ್ನ ಟ್ರಕ್ಕು ತಿರುವಿನಲ್ಲಿ ಮರೆಯಾಗುವವರೆಗೂ ಲಿಕೋ ಕೈ ಚಾಚಿಕೊಂಡು ಅಳುತ್ತಿದ್ದಳು. ನಾನು ಅವಳ ಬಾಯಿಗೆ ಒಂದು ಚೂರು ಕೇಕು ತುರುಕಿದೆ.

ಚಾರ್ಮೇನ್ ಪಾತ್ರೆ ತೊಳೆಯುವ ಕಡೆ ಹೋಗಿ ಕೂತಿದ್ದಳು. "ಆಂಟಿ, ಅವರಮ್ಮ..." ಎಂದು ಶುರುಮಾಡಿದಳು. "ನಾನೇ," ಎಂದೆ. "ಎಂಬತ್ತು ದಾಟಿರೋ ಮುದುಕಿ ನಾನೇ. ಕಣ್ಣು ಈಗೀಗ ಚೆನ್ನಾಗಿ ಕಾಣ್ಸ್ತಿದೆ." ಅವಳ ಮುಖ ಕುಸಿದದ್ದನ್ನು ಸಾವಕಾಶವಾಗಿ ನೋಡಿದೆ. ಅವಳದೇನೂ ತಪ್ಪಿಲ್ಲ ಎಂದು ನನಗೆ ಕೌಂಟರಿನಲ್ಲೇ ಗೊತ್ತಾಗಿತ್ತು. ಅಲ್ಲೇ ಪಕ್ಕಕ್ಕೆ ಕರೆದು ಹೇಳಿ ಮಾನ ಉಳಿಸಬಹುದಿತ್ತು. ಉಳಿಸಲಿಲ್ಲ. ನನ್ನದು ಹೋಗಿತ್ತಲ್ಲ, ಜೊತೆಗೆ ಇನ್ನೊಬ್ಬಳದ್ದೂ ಹೋಗಲಿ ಅನ್ನಿಸಿತು.

ಅಳು ಮುಗಿದ ಮೇಲೆ ಅವಳು ತನಗೆ ಗೊತ್ತಿದ್ದಷ್ಟು ಹೇಳಿದಳು, ಉಳಿದದ್ದನ್ನು ನಿನ್ನ ದೋಣಿ ಕೊಂಡವನಿಂದ ಮೋಸೆಸ್ ತಿಳಿದುಕೊಂಡು ಬಂದ. ನಾಲ್ಕು ವರ್ಷದ ಹಿಂದೆ ದೋಣಿ ಮಗುಚಿ, ನೀನು ಇಡೀ ರಾತ್ರಿ ಐಸ್ ಪೆಟ್ಟಿಗೆಯನ್ನು ತಬ್ಬಿಕೊಂಡು ತೇಲಿದೆಯಂತೆ. ಸರಿಪಡಿಸಿದ ದೋಣಿಯನ್ನು ಅದೇ ವಾರ ಮಾರಿದೆಯಂತೆ. ಬರಿಗೈಯಲ್ಲಿ ಮನೆಗೆ ಹೋಗಲು ಮುಖವಿಲ್ಲದೆ ಕೌಂಟರಿಗೆ ಬಂದು ಮೀನು ಕೇಳಿದೆಯಂತೆ. ಅವಳಿಗೆ ದೋಣಿಯ ಹೆಸರೆತ್ತದೆ, ಈಜಲು ಹೋಗಿ ಮುಳುಗುತ್ತಿದ್ದೆ ಅಂದಿದ್ದೆಯಂತೆ. ಮಲಗಿದಾಗ ನೀರು ನೀರು ಎಂದು ಕಿರುಚುತ್ತೀಯಂತೆ. ನಮ್ಮ ಮನೆಯಲ್ಲಿ ಸೆಕೆ ಎಂದು ಹೊರಗಿನ ಬೆಂಚಿನ ಮೇಲೆ ಮಲಗುತ್ತಿದ್ದೆಯಲ್ಲ, ಇದಕ್ಕೇನಾ?

ನನಗೆ ಹೇಳಿದ್ದರೆ ನಾನು ನಗುತ್ತಿದ್ದೆ. ಸುಳ್ಳು ಯಾಕೆ, ಖಂಡಿತ ನಗುತ್ತಿದ್ದೆ, ಊರಿಗೆಲ್ಲ ಹೇಳಿ ನಗಿಸುತ್ತಿದ್ದೆ. ಆಮೇಲೆ ನಿನಗೆ ಅನ್ನ ಬಡಿಸುತ್ತಿದ್ದೆ. ಮೀನಿಲ್ಲದ ಅನ್ನ. ಅದನ್ನೇ ತಿಂದುಕೊಂಡು ಸಾಯುವವರೆಗೂ ಇರಬಹುದಿತ್ತು. ನಿನ್ನ ಭಯವನ್ನು ಅವಳಿಗೆ ಕೊಟ್ಟೆ. ನನಗೆ ಕೊಟ್ಟಿದ್ದು ಬರೀ ಬಟ್ಟಲು.

ಈಗ ಉತ್ತರ. ಬಾ. ಬಾಗಿಲು ತೆಗೆದೇ ಇರುತ್ತದೆ. ಲಿಕೋಳನ್ನೂ ಎತ್ತಿಕೊಳ್ಳಬಹುದು. ಆದರೆ ಬರಿಗೈಯಲ್ಲಿ ಬರಬೇಡ, ಹೆಚ್ಚಿದ್ದನ್ನೂ ತರಬೇಡ. ತಲೆ, ಬಾಲ, ಕಣ್ಣು ಎಲ್ಲ ಇರುವ ಆಹಿ ಮೀನು, ನಿನ್ನ ಗಾಳಕ್ಕೇ ಸಿಕ್ಕಿದ್ದು ಬೇಕು. ನಿನ್ನ ದೋಣಿ ಕೊಂಡವನ ಹತ್ತಿರ ಮೋಸೆಸ್ ಮಾತಾಡಿದ್ದಾನೆ, ಶನಿವಾರ ಒಂದು ದಿನಕ್ಕೆ ಕೊಡುತ್ತಾನೆ. ಜೊತೆಗೆ ಯಾರನ್ನೂ ಕರೆದುಕೊಳ್ಳಬೇಡ. ಒಬ್ಬನೇ ಹೋಗು.

ಕರೆದರೂ ಯಾರೂ ಬರುವುದಿಲ್ಲ. ಯಾಕೆಂದರೆ ಶನಿವಾರ ವೆಂಡೆಲ್ ಮೀನು ಹಿಡಿಯೋಕೆ ಹೋಗ್ತಾನೆ ಎಂದು ನಾನು ಊರೆಲ್ಲ ಹೇಳಿದ್ದೇನೆ. ಚರ್ಚಿನಲ್ಲಿ ಎದ್ದು ನಿಂತು ಹೇಳಿದೆ. ಕ್ಷೌರದಂಗಡಿಯಲ್ಲಿ ಹೇಳಿದೆ. ನಿನ್ನೆ ಸಂಜೆ ಬಂದರಿನ ಕಟ್ಟೆಯ ತುದಿಗೆ ಹೋಗಿ ನೀರಿಗೆ ಬಾಗಿ ಜೋರಾಗಿ ಕೂಗಿ ಹೇಳಿ ಬಂದೆ. ದೋಣಿಯವರು ಕಿವಿ ಮುಚ್ಚಿಕೊಂಡು ನನ್ನನ್ನು ಶಪಿಸಿದರು. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳಿಗೆ ಎಷ್ಟು ಹಾಯಾಯಿತು ಎಂದರೆ, ಮನೆಗೆ ಬರುವ ದಾರಿಯುದ್ದಕ್ಕೂ ಮತ್ತೆ ಮತ್ತೆ ಹೇಳಿಕೊಂಡೇ ಬಂದೆ.

ಕಡಲಿನ ಕಡೆ ಒಂದು ಸಲ ಚೆನ್ನಾಗಿ ನೋಡಿಕೋ. ಆಮೇಲೆ ತೀರ್ಮಾನ ಮಾಡು.

ಇಂತಿ,
ಎಂಬತ್ತು ದಾಟಿದ, ಕಣ್ಣು ಕಾಣದ, ಮಗನೆಂದರೆ ಪ್ರಾಣ ಬಿಡುವ ನಿನ್ನ ಮುದಿ ತಾಯಿ
ವೆಹಿ

ತಾ.ಕ.: ಕಾಗದದ ಜೊತೆ ಕನೋಯೆ ತಂದ ಐಸ್ ಪೆಟ್ಟಿಗೆಯಲ್ಲಿ ನಿನ್ನಪ್ಪನ ಮರದ ಬಟ್ಟಲಿದೆ, ತುಂಬ ಪೋಕೆ ಇದೆ. ಗ್ಯಾರೇಜಿನಲ್ಲಿ ಸರಿಯಾಗಿ ಊಟ ಸಿಗುತ್ತಿಲ್ಲವಂತಲ್ಲ. ಕಾಗದ ಬಿಚ್ಚುವ ಮೊದಲೇ ನೀನು ಅರ್ಧ ಖಾಲಿ ಮಾಡಿರುತ್ತೀಯ, ನಿನ್ನ ಬಾಯಿಚಪಲ ನನಗೆ ಗೊತ್ತಿಲ್ಲವೇ. ನಿನ್ನೆ ಬೆಳಿಗ್ಗೆ ಕೋನಾಕ್ಕೆ ಹೋಗಿದ್ದೆ. ಚಾರ್ಮೇನ್ ಮೀನು ಹೆಚ್ಚಿದಳು, ನಾನು ಪಕ್ಕದಲ್ಲಿ ನಿಂತು ಕಲಸಿದೆ, ಇಬ್ಬರೂ ಬಹಳ ದಿನದ ಮೇಲೆ ಮನಸಾರೆ ನಕ್ಕೆವು. ಬೀಜ ಹುರಿದಿದ್ದು ನಾನೇ. ಎಷ್ಟು ಹುರಿದೆ ಎಂದು ಮಾತ್ರ ಕೇಳಬೇಡ. ನಮ್ಮ ಮನೆಯಲ್ಲಿ ಕೇಳುವ ಪದ್ಧತಿ ಇಲ್ಲ.